ನವಿಲಿನ ಪುಟಕ್ಕೆ ಇಟ್ಟ ಕುಂಕುಮ

ಆ ನರಿಗೆ ಮೊಣಕಾಲುದ್ದದ ಕೋಟಿತ್ತು. ಕೋಟಿಗೆ ಹನ್ನೆರಡು ಗುಂಡಿ, ಎಣಿಸಿದ್ದೇನೆ. ಕಾಲಿಗೆ ಬಕಲ್ ಹಾಕಿದ ಬೂಟು, ತಲೆಯ ಮೇಲೆ ಸುರುಳಿ ಸುರುಳಿ ವಿಗ್ಗು, ಕೈಯಲ್ಲೊಂದು ಕೋಲು. ಮರದ ಮೇಲೆ ಕೂತ ಕಾಗೆಗೆ ಅದು ಸೊಂಟ ಬಗ್ಗಿಸಿ ನಮಸ್ಕಾರ ಮಾಡುತ್ತಿದ್ದ ಠೀವಿ ನೋಡಿ ನಾನು ಮನೆಯೊಡತಿಯ ಎದುರಿಗೇ ಕಿರುಚಿಬಿಟ್ಟೆ. ಮೂರನೇ ಕ್ಲಾಸಿನ ಪಾಠಪುಸ್ತಕದಲ್ಲಿ ನಾನು ಕಂಡಿದ್ದ ನರಿ ಇಸ್ತ್ರಿಪೆಟ್ಟಿಗೆ ತಗುಲಿ ಸುಟ್ಟ ಕಲೆಯ ಹಾಗಿತ್ತು. ಅದೇ ಕತೆ, ಅದೇ ಕಾಗೆ. ಆದರೆ ಮನೆಯೊಡತಿಯ ಹಳೆಯ ಚಿತ್ರಪುಸ್ತಕದ ಈ ನರಿ ಇಷ್ಟು ವರ್ಷ ಎಲ್ಲಿತ್ತು? ನನಗೆ ಯಾರೂ ಯಾಕೆ ತೋರಿಸಿರಲಿಲ್ಲ? ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

ಎರಡು ಸಾವಿರದ ಒಂದನೇ ಇಸವಿ. ಮೈಸೂರಿನಿಂದ ಬರ್ಮಿಂಗ್‌ಹ್ಯಾಮಿಗೆ ಲೋಹಶಾಸ್ತ್ರದ ಎಂ.ಎಸ್ಸಿ. ಮಾಡಲು ಬಂದು ಇನ್ನೂ ಒಂದು ತಿಂಗಳಾಗಿರಲಿಲ್ಲ. ಎಜ್‌ಬಾಸ್ಟನ್ನಿನಲ್ಲಿ, ಯೂನಿವರ್ಸಿಟಿಗೆ ನಡೆದೇ ಹೋಗಬಹುದಾದ ಬೀದಿಯಲ್ಲಿ, ಮಹಡಿಯ ಮೇಲೊಂದು ಕೋಣೆ ಬಾಡಿಗೆಗೆ ಸಿಕ್ಕಿತ್ತು. ಪಕ್ಕದ ಕೋಣೆಯಲ್ಲಿ ವಿಜಾಪುರದ ಒಬ್ಬಳು ಕಣ್ಣಿನ ಡಾಕ್ಟರು. ಮನೆಯಲ್ಲಿ ದಖನಿ ಉರ್ದು ಆಡಿಕೊಂಡು ಬೆಳೆದವಳು, ನನಗಿಂತ ಆರು ವರ್ಷ ದೊಡ್ಡವಳು. ಬಂದ ಮೊದಲ ವಾರವೇ ನನಗೆ ಅವಳು ಆಪಾ, ಎಂದರೆ ಅಕ್ಕ, ಆದಳು. ನನ್ನ ಜೊತೆ ಅಚ್ಚುಕಟ್ಟಾಗಿ ಬೆಂಗಳೂರಿನ ಕನ್ನಡ ಆಡುತ್ತಿದ್ದಳು. ಗಾಬರಿಯಾದಾಗ ಮಾತ್ರ ವಿಜಾಪುರ ಹೊರಗೆ ಬರುತ್ತಿತ್ತು.

ಮನೆಯೊಡತಿ ಸೊಲಿಹಲ್ಲಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಫ್ರೆಂಚ್ ಕಲಿಸಿ ನಿವೃತ್ತರಾದವರು. ವಯಸ್ಸು ಎಂಬತ್ತರ ಹತ್ತಿರ. ಅವರ ಕಣ್ಣಿನ ನೋಟದಲ್ಲಿ ನಡುಭಾಗ ಸವೆದುಹೋಗಿತ್ತು. ಅಂಚಿನಲ್ಲಿರುವುದು ಕಾಣುತ್ತದೆ, ನೇರ ಎದುರಿಗಿರುವುದು ಮಬ್ಬು. ಹಾಗಾಗಿ ಏನನ್ನು ನೋಡಬೇಕಾದರೂ ಕೋಳಿಯಂತೆ ಕತ್ತು ಓರೆ ಮಾಡುತ್ತಿದ್ದರು. "ಹೋದ ದೃಷ್ಟಿ ವಾಪಸ್ ಬರಲ್ಲ, ಇರೋದೂ ನಿಧಾನಕ್ಕೆ ಹೋಗತ್ತೆ" ಎಂದು ಆಪಾ ನನಗೆ ಅಡುಗೆಮನೆಯಲ್ಲಿ ಮೆತ್ತಗೆ ಹೇಳಿದ್ದಳು.

ಆ ಪುಸ್ತಕ ಅವರ ತಾಯಿಯದು. ತಾಯಿ ಫ್ರಾನ್ಸಿನವರು, ಮದುವೆಯಾಗಿ ಬರ್ಮಿಂಗ್‌ಹ್ಯಾಮಿಗೆ ಬರುವಾಗ ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಸುತ್ತಿ ತಂದಿದ್ದರಂತೆ. ಆಗಲೇ ಅದು ಅವರ ಅಜ್ಜಿಗಿಂತ ಹಳೆಯದು. ಪ್ರಾಣಿಗಳ ನೀತಿಕತೆಗಳು, ಕತೆಗೊಂದು ಪುಟ ತುಂಬ ಚಿತ್ರ. ತಾಮ್ರದ ತಗಡಿನ ಮೇಲೆ ಕೂದಲೆಳೆಯಂಥ ಗೆರೆ ಕೊರೆದು ಅಚ್ಚೊತ್ತಿದ ಚಿತ್ರಗಳು. ಪ್ರತಿ ಚಿತ್ರದ ಮೇಲೂ ಬಟರ್ ಪೇಪರಿನಂಥ ತೆಳುಹಾಳೆಯ ಹೊದಿಕೆ. ಆ ಹಾಳೆಯನ್ನು ಎತ್ತುವಾಗ ಆಗುವ ಸಣ್ಣ ಸರಸರ ಸದ್ದಿಗೇ ನನ್ನ ಎದೆ ಬಡಿದುಕೊಳ್ಳುತ್ತಿತ್ತು. ಒಳಗೆ ಏನಿದೆಯೋ! ಹೊಟ್ಟೆ ಉಬ್ಬಿಸಿ ಉಬ್ಬಿಸಿ ಕೋಟಿನ ಗುಂಡಿ ಕಿತ್ತುಕೊಂಡ ಕಪ್ಪೆ. ಕೊರಳಿಗೆ ಕರವಸ್ತ್ರ ಕಟ್ಟಿಕೊಂಡು ಊಟಕ್ಕೆ ಕೂತ ಕೊಕ್ಕರೆ. ಕನ್ನಡಕ ಹಾಕಿದ ಇಲಿಗಳ ಪಂಚಾಯಿತಿ. ಅವರ ಬಾಲ್ಯದಲ್ಲಿ ವಾರಕ್ಕೆ ಒಂದೇ ಚಿತ್ರವಂತೆ, ಭಾನುವಾರ, ಕೈ ತೊಳೆದ ಮೇಲೆ. ನಾನಾಗಿದ್ದರೆ ಸೋಮವಾರವೇ ಕದ್ದು ನೋಡುತ್ತಿದ್ದೆ.

ಎಲ್ಲಕ್ಕಿಂತ ಅವರಿಗೆ ಪ್ರಿಯವಾದದ್ದು ನವಿಲಿನ ಪುಟ. ಮೋಡದ ಮೇಲೆ ಕಿರೀಟ ತೊಟ್ಟ ದೇವಿ ಕೂತಿದ್ದಾಳೆ. ಅವಳ ಪಾದದ ಬಳಿ ಗರಿ ಹರಡಿ ನಿಂತ ನವಿಲು ಕೊಕ್ಕೆತ್ತಿ ಏನೋ ಹೇಳುತ್ತಿದೆ. ಮ್ಯಾಂಚೆಸ್ಟರಿನ ಲೈಬ್ರರಿಯೊಂದು ಹಳೆಯ ನೀತಿಕತೆಗಳ ಚಿತ್ರಗಳ ಪ್ರದರ್ಶನ ಮಾಡಲು ಹೊರಟಿತ್ತು. ಈ ಪುಸ್ತಕವನ್ನು ಆರು ತಿಂಗಳ ಮಟ್ಟಿಗೆ ಕೇಳಿದ್ದರು. ಅದೇ ಪುಟವನ್ನು ಗಾಜಿನ ಪೆಟ್ಟಿಗೆಯಲ್ಲಿ ತೆರೆದಿಡುವುದಾಗಿ ಬರೆದಿದ್ದರು. "ನನ್ನ ಅಮ್ಮನ ನವಿಲನ್ನು ನಮ್ಮ ಮನೆಯವರು ಬಿಟ್ಟರೆ ಯಾರೂ ನೋಡಿಲ್ಲ. ಇನ್ನು ಊರೆಲ್ಲ ನೋಡುತ್ತದೆ" ಎಂದು ಹೇಳುವಾಗ ಅವರ ಮುಖ ಅರಳಿತ್ತು. ಆಮೇಲೆ ಕತ್ತು ಓರೆ ಮಾಡಿ ನನ್ನ ಕಡೆ ತಿರುಗಿದರು. ಆರು ತಿಂಗಳಾದ ಮೇಲೆ ಅದು ಮನೆಗೆ ಬರುವಾಗ ಅವರಿಗೆ ಎಷ್ಟು ಕಾಣುತ್ತದೋ ಯಾರು ಬಲ್ಲರು? ಆದ್ದರಿಂದ ಪುಸ್ತಕ ಹೋಗುವ ಮುಂಚೆ ಆ ಚಿತ್ರವನ್ನು ದೊಡ್ಡದಾಗಿ, ದಪ್ಪ ಗೆರೆಯಲ್ಲಿ, ಗೋಡೆಗೆ ಹಾಕುವಂತೆ ಬರೆದುಕೊಡಲು ನನ್ನಿಂದ ಆಗುತ್ತದೆಯೇ?

ನಾನು ಚಿತ್ರ ಬರೆಯುತ್ತೇನೆಂದು ಅವರಿಗೆ ತಿಳಿದದ್ದು ರಂಗೋಲಿಯಿಂದ. ಬಂದ ಹೊಸದರಲ್ಲಿ ಬಾಗಿಲ ಮುಂದಿನ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಒಂದು ಹಾಕಿದ್ದೆ. ಆ ದಪ್ಪ ಬಿಳಿ ಗೆರೆ ಅವರಿಗೆ ಕಂಡಿತ್ತು. ಆಗುತ್ತದೆಯೇ ಎಂದು ನನ್ನನ್ನು ಕೇಳುವುದೇ! ಸ್ಕೂಲಿನಲ್ಲಿ ಲೋಯರ್, ಹೈಯರ್ ಎರಡೂ ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿದವಳು ನಾನು. ನಿಂತ ಕಾಲಲ್ಲೇ ಒಪ್ಪಿಕೊಂಡೆ. ಅವರು ಮೂರು ಷರತ್ತು ಹಾಕಿದರು: ಕೈ ತೊಳೆಯಬೇಕು, ಪುಟದ ಮೇಲೆ ಪೆನ್ಸಿಲ್ ತಾಕಬಾರದು, ಟೀ ಕಪ್ಪು ಅದೇ ಕೋಣೆಯಲ್ಲಿ ಇರಕೂಡದು. ಅವರು ಆ ಪುಸ್ತಕವನ್ನು ಇನ್ನೊಬ್ಬರ ಕೈಗೆ ಕೊಟ್ಟದ್ದು ಅದೇ ಮೊದಲು.

ಪೆನ್ಸಿಲ್ ತಾಕಿಸದೆ ದೊಡ್ಡದು ಮಾಡುವುದು ಹೇಗೆ? ಚುಕ್ಕಿ ಇಟ್ಟು. ಓ.ಎಚ್.ಪಿ.ಗೆ ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಶೀಟಿನ ಮೇಲೆ ಸಾಲು ಸಾಲಾಗಿ ಸಣ್ಣ ಚುಕ್ಕಿ ಇಟ್ಟು ಅದನ್ನು ಚಿತ್ರದ ಮೇಲೆ ಹಾಸಿದೆ. ನಾಲ್ಕು ದೊಡ್ಡ ಹಾಳೆ ಅಂಟಿಸಿ ಅಷ್ಟೇ ಚುಕ್ಕಿಗಳನ್ನು ನಾಲ್ಕು ಪಟ್ಟು ಅಂತರದಲ್ಲಿ ಇಟ್ಟೆ. ಆಮೇಲೆ ರಂಗೋಲಿಯದೇ ಲೆಕ್ಕ. ಗೆರೆ ಯಾವ ಚುಕ್ಕಿಯನ್ನು ಬಳಸಿ ಯಾವ ಚುಕ್ಕಿಯ ಪಕ್ಕ ಹೋಗುತ್ತದೆ ಎಂದು ನೋಡಿಕೊಂಡು ಎಳೆಯುತ್ತ ಹೋಗುವುದು. ಬಾಗಿಲ ಮುಂದೆ ಬಗ್ಗಿ ಕಲಿತ ವಿದ್ಯೆ ಫ್ರಾನ್ಸಿನ ಪುಸ್ತಕದ ದೇವಿಯನ್ನು ದೊಡ್ಡದು ಮಾಡುತ್ತಿತ್ತು! ಕ್ಲಾಸು ಮುಗಿದರೆ ಸಾಕು, ಓಡಿ ಮನೆಗೆ ಬರುತ್ತಿದ್ದೆ.

ನಾನು ಬರೆಯುವಾಗ ಅವರು ಪಕ್ಕದ ಕುರ್ಚಿಯಲ್ಲಿ ಕೂತು ನೆನಪಿನಿಂದಲೇ ಚಿತ್ರವನ್ನು ಓದುತ್ತಿದ್ದರು.

"ಎಡಗಡೆ ಕೆಳಗೆ, ಕಲ್ಲಿನ ಸಂದಿಯಲ್ಲಿ, ಒಂದು ಬಸವನಹುಳು ಇರಬೇಕು."

ಎಲ್ಲಿ? ಇಲ್ಲವಲ್ಲ! ಮೂಗು ತಾಗುವಷ್ಟು ಬಗ್ಗಿ ಹುಡುಕಿದರೆ, ಇದೆ! ಅಕ್ಕಿಕಾಳಿನಷ್ಟು, ಎರಡು ಕೋಡು ಸಮೇತ.

"ಇದೆ! ಇದೆ!" ಎಂದು ನಾನು ಕೂಗಿದರೆ ಅವರು ಮಗುವಿನಂತೆ ಚಪ್ಪಾಳೆ ತಟ್ಟುತ್ತಿದ್ದರು. ಮೋಡದ ಹಿಂದೆ ಇಣುಕುವ ಮಗುವಿನ ಪಾದ, ದೇವಿಯ ಚಪ್ಪಲಿಯ ಪಟ್ಟಿ, ನವಿಲಿನ ಮುರಿದ ಒಂದು ಗರಿ, ಎಲ್ಲ ಅವರಿಗೆ ಬಾಯಿಪಾಠ. ಒಂದು ಮಾತ್ರ ಗೊತ್ತಿರಲಿಲ್ಲ.

"ಅವಳ ಮುಖ ನೋಡಿ ಹೇಳು. ನಗುತ್ತಿದ್ದಾಳೋ, ಸಿಟ್ಟಿನಲ್ಲಿದ್ದಾಳೋ? ನಗುತ್ತಿದ್ದಾಳೆ ಅಂತ ಅಮ್ಮ, ಸಿಟ್ಟು ಅಂತ ನನ್ನ ಅಕ್ಕ. ಜೀವಮಾನವಿಡೀ ಇದೇ ಜಗಳ. ನಾನು ಯಾರ ಕಡೆ ಅಂತ ತೀರ್ಮಾನ ಮಾಡುವಷ್ಟರಲ್ಲಿ ಕಣ್ಣು ಹೋಯಿತು."

ಎಷ್ಟು ನೋಡಿದರೂ ನನಗೆ ಹೇಳಲಾಗಲಿಲ್ಲ. ಬಾಯಿ ಎಂದರೆ ಒಂದೇ ಒಂದು ನೇರ ಗೆರೆ. ನಗು ಎಂದರೆ ನಗು, ಸಿಟ್ಟು ಎಂದರೆ ಸಿಟ್ಟು. ಇಂಥ ಸಣ್ಣ ಗೆರೆ ಕೊರೆದ ಪುಣ್ಯಾತ್ಮನನ್ನು ಮನಸ್ಸಿನಲ್ಲೇ ಬೈದುಕೊಂಡೆ. ನನ್ನ ದೊಡ್ಡ ಚಿತ್ರ ಮುಗಿಯುತ್ತ ಬಂದಾಗ ಅದನ್ನು ಮುಂದಿನ ಕೋಣೆಯ ಗೋಡೆಗೆ ಆನಿಸಿ ಅವರನ್ನು ಕರೆದು ತೋರಿಸಿದೆ. ಕತ್ತು ಓರೆ ಮಾಡಿದರು. ಗರಿ ಕಂಡಿತು, ಕಿರೀಟ ಕಂಡಿತು, ಮೋಡ ಕಂಡಿತು. "ಮುಖ ಎಲ್ಲಿ?" ಎಂದರು. ಬೆಳ್ಳಗಿನ ಹಾಳೆಯಲ್ಲಿ ಬೆಳ್ಳಗಿನ ಮುಖ, ಹುಡುಕಿದಷ್ಟೂ ಜಾರಿಕೊಳ್ಳುತ್ತಿತ್ತು. "ಇರಲಿ ಬಿಡು, ಇಷ್ಟು ಕಂಡದ್ದೇ ಹೆಚ್ಚು" ಎಂದರು. ನನಗೆ ಸಂಕಟವಾಯಿತು.

ಆ ಹೊತ್ತಿಗೆ ನವರಾತ್ರಿ ಬಂದಿತ್ತು. ಲೈಬ್ರರಿಯವರು ಮುಂದಿನ ಸೋಮವಾರ ಬರುವವರಿದ್ದರು. ಅದಕ್ಕೂ ಮುಂಚಿನ ಮಂಗಳವಾರ ಸರಸ್ವತಿ ಪೂಜೆ. ಅಮ್ಮನಿಗೆ ಫೋನ್ ಕಾರ್ಡಿನಿಂದ ಫೋನು ಮಾಡಿದೆ.

"ಪುಸ್ತಕ ಪೂಜೆಗೆ ಇಟ್ಯೇನೇ? ಸರಸ್ವತಿ ಫೋಟೋ ತಗೊಂಡು ಹೋಗೇ ಅಂದ್ರೆ ಮರೆತು ಹೋದ್ಯಲ್ಲೇ."

"ಫೋಟೋ ಇದೆಯಮ್ಮ! ಇಲ್ಲೇ ಸಿಕ್ತು! ಕಿರೀಟ ಇದೆ, ಕಾಲ ಹತ್ರ ನವಿಲಿದೆ, ಎಷ್ಟು ಚೆನ್ನಾಗಿದಾಳೆ ಅಂತೀಯ!"

"ವೀಣೆ?"

"ಮೋಡದ ಹಿಂದೆ ಇರ್ಬೇಕು."

ಈಗ ಬರೆಯುವಾಗ ನಗು ಬರುತ್ತದೆ. ಆದರೆ ಆ ಚಿತ್ರ ಕಂಡ ದಿನದಿಂದಲೂ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಚಿಕ್ಕಂದಿನಿಂದ ಕ್ಯಾಲೆಂಡರಿನಲ್ಲಿ ನೋಡಿದ ಸರಸ್ವತಿಯ ಪಕ್ಕದಲ್ಲಿ ನವಿಲು ಇದ್ದೇ ಇರುತ್ತಿತ್ತು. ದೇವಿ, ನವಿಲು, ಅದೂ ಪುಸ್ತಕದೊಳಗೆ. ಇನ್ಯಾರಿರಲು ಸಾಧ್ಯ? "ಅರಿಶಿನ ಕುಂಕುಮ ಇಟ್ಟು ಕೈ ಮುಗಿ. ವಿಜಯದಶಮಿವರೆಗೆ ಪುಸ್ತಕ ಅಲ್ಲಾಡಿಸಬೇಡ" ಎಂದಳು ಅಮ್ಮ.

ನನ್ನ ಕೋಣೆಯ ಮೇಜಿನ ಮೇಲೆ ಲೋಹಶಾಸ್ತ್ರದ ಪುಸ್ತಕಗಳನ್ನು ಜೋಡಿಸಿ, ಎಲ್ಲಕ್ಕಿಂತ ಮೇಲೆ ನವಿಲಿನ ಪುಟ ತೆರೆದಿಟ್ಟೆ. ಆಪಾ ಬಾಗಿಲಲ್ಲಿ ನಿಂತು ನೋಡಿದಳು. ತನ್ನ ದಪ್ಪದ ಕಣ್ಣಿನ ಶಾಸ್ತ್ರದ ಪುಸ್ತಕವನ್ನೂ ತಂದಳು. "ಪೂಜೆ ನಿಂದು. ನಂದು ಸುಮ್ನೆ ಪಕ್ಕದಲ್ಲಿರ್ಲಿ. ಮೂರು ದಿನ ಮುಟ್ಟೋ ಹಾಗಿಲ್ಲ ಅಂದ್ರೆ ನಂಗೂ ಓದೋದ್ರಿಂದ ರಜಾ" ಎಂದಳು. ಆಮೇಲೆ ಚಿತ್ರ ನೋಡಿ, "ಇವ್ರು ನಿಮ್ ಸರಸ್ವತಿನೇ ಅಂತ ಗ್ಯಾರಂಟಿನಾ? ಒಂದ್ಸಲ ಕೆಳಗೆ ಕೇಳಬಾರ್ದಾ?" ಎಂದಳು. ನನಗೆ ಗೊತ್ತಿಲ್ಲವೇ ಎಂದು ಅವಳ ಬಾಯಿ ಮುಚ್ಚಿಸಿದೆ.

ನಾನು ಹುಚ್ಚಿಯೇನಲ್ಲ, ಪುಟದ ಮೇಲೆ ನೇರವಾಗಿ ಅರಿಶಿನ ಕುಂಕುಮ ಇಡಲಿಲ್ಲ. ಓ.ಎಚ್.ಪಿ. ಶೀಟು ಮೇಲೇ ಇತ್ತು, ಆದರೆ ದೇವರಿಗೆ ಪ್ಲಾಸ್ಟಿಕ್ಕೇ ಎನ್ನಿಸಿ ಅದನ್ನು ತೆಗೆದೆ. ಬದಲಿಗೆ ಪುಸ್ತಕದ್ದೇ ತೆಳುಹಾಳೆಯನ್ನು ಚಿತ್ರದ ಮೇಲೆ ಹೊದಿಸಿ, ಅದರಡಿ ಮಸುಕಾಗಿ ಕಾಣುತ್ತಿದ್ದ ಹಣೆಗೆ ಸರಿಯಾಗಿ, ನೀರಲ್ಲಿ ಕಲಸಿದ ಅರಿಶಿನ ಒಂದು ಚೂರು, ಅದರ ಮೇಲೆ ಕುಂಕುಮ ಇಟ್ಟೆ. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ.

ಶುಕ್ರವಾರ ವಿಜಯದಶಮಿ. ಬೆಳಿಗ್ಗೆ ಸ್ನಾನ ಮಾಡಿ ಬಂದು ತೆಳುಹಾಳೆ ಎತ್ತಿದೆ. ಒದ್ದೆ ಅರಿಶಿನ ಹಾಳೆಯನ್ನು ದಾಟಿ ಕೆಳಗಿಳಿದಿತ್ತು. ದೇವಿಯ ಹಣೆಯ ಮೇಲೆ ಹೆಸರುಕಾಳಿನಷ್ಟು ಹಳದಿ, ನಡುವೆ ಕೆಂಪು.

ಬಚ್ಚಲಿಗೆ ಓಡಿ, ಹತ್ತಿಗೆ ಸೋಪು ಹಚ್ಚಿಕೊಂಡು ಬಂದು ಮೆಲ್ಲಗೆ ಒತ್ತಿದೆ. ಹಳದಿ ಕಣ್ಣೆದುರಿಗೇ ಕೆಂಪಾಯಿತು! ಪ್ರತಿ ಆರತಿಗೂ ಅರಿಶಿನಕ್ಕೆ ಸುಣ್ಣ ಹಾಕಿ ಓಕುಳಿ ಕಲಸುವ ಮನೆಯಲ್ಲಿ ಹುಟ್ಟಿ, ಮೇಲಿಂದ ಎಂಜಿನಿಯರಿಂಗ್ ಓದಿ, ಸೋಪು ಹಚ್ಚಿದರೆ ಏನಾಗುತ್ತದೆಂದು ನನಗೆ ಹೊಳೆಯಲಿಲ್ಲ. ನನ್ನ ಚೀರಾಟಕ್ಕೆ ಆಪಾ ಓಡಿ ಬಂದಳು.

"ಯವ್ವಾ, ಏನ್ ಮಾಡೀದಿ ಇದು? ಸೋಪ್ ಯಾಕ ಹಚ್ಚಿದಿ? ಮೊದಲ ಬಿಡು, ಕೈ ತಗಿ! ಅರಿಶಿಣದ ಕಲಿ ಬಿಸಲಿಗೆ ಹೋಗ್ತದ, ಬಿಸಲಿಗೆ ಇಡು!"

ಬಿಸಿಲು! ಅಕ್ಟೋಬರ್ ಕೊನೆಯ ಬರ್ಮಿಂಗ್‌ಹ್ಯಾಮಿನಲ್ಲಿ! ಆದರೂ ಬೇರೆ ದಾರಿ ಇರಲಿಲ್ಲ. ಉಳಿದ ಚಿತ್ರಕ್ಕೆ ಬಿಸಿಲು ತಾಗಬಾರದೆಂದು ಕಪ್ಪು ಕಾಗದದಲ್ಲಿ ಹೆಸರುಕಾಳಿನಷ್ಟು ತೂತು ಮಾಡಿ ಮುಚ್ಚಿ, ಪುಸ್ತಕವನ್ನು ಕಿಟಕಿಯ ಬಳಿ ಹಿಡಿದು ಕೂತೆ. ಮೋಡ ಸರಿದರೆ "ಬಂತು, ಬಂತು!" ಎಂದು ಆಪಾ ಆ ಕಡೆಯ ಕೋಣೆಯಿಂದ ಕೂಗುತ್ತಿದ್ದಳು, ನಾನು ಪುಸ್ತಕ ಎತ್ತಿಕೊಂಡು ಆ ಕಿಟಕಿಗೆ ಓಡುತ್ತಿದ್ದೆ. ಅಷ್ಟರಲ್ಲಿ ಅಲ್ಲಿ ನೆರಳು. ಶನಿವಾರ ಮಧ್ಯಾಹ್ನ ಒಂದೂವರೆ ಗಂಟೆ ಬಿಸಿಲು ಬಿತ್ತು ನೋಡಿ, ನಾವಿಬ್ಬರೂ ಮೆಟ್ಟಿಲ ಮೇಲೆ ಕುಣಿದೆವು. ಭಾನುವಾರದ ಹೊತ್ತಿಗೆ ಹಳದಿ ಹೋಗಿತ್ತು. ಕೆಂಪು ತಿಳಿಯಾಯಿತು, ಆದರೆ ಹೋಗಲಿಲ್ಲ.

ಇಬ್ಬರೂ ಮಂಚದ ಮೇಲೆ ಕೂತು ಅದನ್ನೇ ನೋಡಿದೆವು. ಪುಟದ ತುಂಬ ಹಳೆಯ ಕಂದು ಕಲೆಗಳಿದ್ದವು. ಅವುಗಳ ನಡುವೆ ಇದೂ ಒಂದು. ಲೈಬ್ರರಿಯವರಿಗೆ ಇದು ಹೊಸದೆಂದು ಗೊತ್ತಾಗುವುದಿಲ್ಲ. ಅವರಿಗಂತೂ, ಕೆಳಗಿರುವ ಅವರಿಗೆ, ಇದು ಕಾಣಿಸುವುದೇ ಇಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು. ಇದೆಲ್ಲ ನನ್ನ ತಲೆಯಲ್ಲಿ ಓಡುತ್ತಿರುವುದು ಆಪಾಗೆ ತಿಳಿಯಿತು.

"ದಿನಾ ಕಣ್ಣು ಕಾಣದವ್ರ ಜೊತೆನೇ ನನ್ ಕೆಲ್ಸ. ಅವ್ರಿಗೆ ಕಾಣಲ್ಲ ಅಂತ ನಾವು ಏನಾದ್ರೂ ಮಾಡಿದ್ರೆ, ಅದು ತುಂಬಾ ಕೆಟ್ಟದ್ದು ಕಣೇ" ಎಂದಳು.

ಪುಸ್ತಕ ಎದೆಗವಚಿಕೊಂಡು ಕೆಳಗಿಳಿದೆ. ಅವರು ರೇಡಿಯೋ ಕೇಳುತ್ತಿದ್ದರು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ: ಪೂಜೆ, ಅರಿಶಿನ, ಸೋಪು, ಬಿಸಿಲು. ಅವರು ರೇಡಿಯೋ ಆರಿಸಿದರು.

"ಎಷ್ಟು ದೊಡ್ಡದು?"

"ಅರ್ಧ ಬಟಾಣಿಯಷ್ಟು."

"ಎಲ್ಲಿ?"

"ಹಣೆಯ ಮೇಲೆ."

"ಅವಳು ನಿಮ್ಮ ದೇವಿ ಅಲ್ಲ. ವಿದ್ಯೆಗೂ ಅವಳಿಗೂ ಸಂಬಂಧವಿಲ್ಲ. ತನ್ನ ದನಿ ಚೆನ್ನಾಗಿಲ್ಲ ಅಂತ ನವಿಲು ದೂರು ತಂದಿದೆ, ಇಷ್ಟು ಚೆಂದದ ಗರಿ ಇದ್ದೂ ಗೋಳಾಡುತ್ತೀಯಾ ಅಂತ ಅವಳು ಕೇಳುತ್ತಿದ್ದಾಳೆ. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ."

"ಕೇಳಬೇಕಿತ್ತು. ತಪ್ಪಾಯಿತು" ಎಂದೆ.

"ಪುಸ್ತಕ ಮೇಜಿನ ಮೇಲಿಡು" ಎಂದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸೋಮವಾರ ಬೆಳಿಗ್ಗೆ ಲೈಬ್ರರಿಯ ಹೆಂಗಸು ಬಂದಳು. ಭೂತಗನ್ನಡಿ, ಬಿಳಿ ಗವಸು, ಒಂದು ಉದ್ದನೆಯ ಫಾರಂ. ಪುಸ್ತಕ ಒಯ್ಯುವ ಮುಂಚೆ ಅದರಲ್ಲಿರುವ ಪ್ರತಿ ಕಲೆ, ತೂತು, ಹರಕು ಬರೆದುಕೊಳ್ಳುವುದು ಅವರ ಕ್ರಮವಂತೆ. ಆಪಾ ಆಸ್ಪತ್ರೆಯ ಪಾಳಿ ಬದಲಿಸಿಕೊಂಡು ಬಂದು ನನ್ನ ಬೆನ್ನ ಹಿಂದೆ ನಿಂತಿದ್ದಳು. ಇಲಿಗಳ ಪುಟದಲ್ಲಿ ಹುಳ ತಿಂದ ತೂತು, ಕೊಕ್ಕರೆಯ ಪುಟದಲ್ಲಿ ಜಾಮಿನ ಬೆರಳಚ್ಚು, ಹೀಗೆ ಒಂದೊಂದೇ ಬರೆಯುತ್ತ ಅವಳು ನವಿಲಿನ ಪುಟಕ್ಕೆ ಬಂದಳು. ಭೂತಗನ್ನಡಿ ಹಣೆಯ ಮೇಲೆ ನಿಂತುಬಿಟ್ಟಿತು.

"ಅದು ಹೊಸದು" ಎಂದರು ಮನೆಯೊಡತಿ, ಅವಳು ಕೇಳುವ ಮುಂಚೆಯೇ. "ಕಳೆದ ವಾರದ್ದು. ನನ್ನ ಮನೆಯಲ್ಲೇ ಆದದ್ದು. ಪೂಜೆ ಮಾಡಿದಾಗ."

"ಪೂಜೆಯೇ?"

"ಹೌದು. ಹಾಗೆಯೇ ಬರೆದುಕೊಳ್ಳಿ."

ಅವಳು ಪೆನ್ನು ಕೆಳಗಿಟ್ಟು, ಬೇಕಾದರೆ ಕಪ್ಪೆಯ ಪುಟ ತೆರೆದಿಡಬಹುದು, ಅದೂ ಚೆನ್ನಾಗಿದೆ ಎಂದಳು. ಅವರ ಅಮ್ಮನ ನವಿಲು ನನ್ನಿಂದಾಗಿ ಊರಿಗೆ ಕಾಣದೆ ಹೋಗುತ್ತದೆ! ಆಪಾ ನನ್ನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದಳು.

"ನವಿಲಿನ ಪುಟ ತೆರೆದಿಡುವುದಾದರೆ ಪುಸ್ತಕ ಒಯ್ಯಿರಿ" ಎಂದರು ಮನೆಯೊಡತಿ, ಶಾಲೆಯ ದನಿಯಲ್ಲಿ. "ಇಲ್ಲವಾದರೆ ಟೀ ಕುಡಿದು ಹೊರಡಿ."

ಅವಳು ಮತ್ತೊಮ್ಮೆ ಭೂತಗನ್ನಡಿ ಹಿಡಿದಳು. ಎಷ್ಟು ಹೊತ್ತೋ! ಕೊನೆಗೆ ಸಣ್ಣಗೆ ನಕ್ಕು ಪೆನ್ನು ಎತ್ತಿಕೊಂಡಳು. ಬರೆದದ್ದನ್ನು ಓದಿ ಹೇಳಿದಳು: ಹಣೆಯ ಮೇಲೆ ಕೆಂಪು ಚುಕ್ಕಿ, ಒಂದು, ಇತ್ತೀಚಿನದು, ಪೂಜೆಯಿಂದ. ಪುಸ್ತಕ ಪೆಟ್ಟಿಗೆಯೊಳಗೆ ಹೋಯಿತು, ಪೆಟ್ಟಿಗೆ ವ್ಯಾನಿನೊಳಗೆ ಹೋಯಿತು. ನಾನು ಆಪಾಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತೆ.

"ಸಾಕು" ಎಂದರು ಮನೆಯೊಡತಿ. ಗೋಡೆಯ ಮೇಲಿನ ನನ್ನ ದೊಡ್ಡ ಚಿತ್ರದ ಕಡೆ ಕೈ ತೋರಿಸಿದರು. "ಅಲ್ಲಿ ಹೋದದ್ದಕ್ಕೂ ಇಲ್ಲಿ ಉಳಿದದ್ದಕ್ಕೂ ವ್ಯತ್ಯಾಸ ಇರಬಾರದು. ನಿನ್ನದರಲ್ಲಿ ಆ ಚುಕ್ಕಿ ಇಲ್ಲ. ಇಡು."

ಮೇಲೆ ಓಡಿ ಕುಂಕುಮದ ಭರಣಿ ತಂದೆ. ಉಂಗುರದ ಬೆರಳಲ್ಲಿ ಒತ್ತಿ, ನಾಲ್ಕು ಪಟ್ಟು ದೊಡ್ಡ ದೇವಿಗೆ ತಕ್ಕಂತೆ ನಾಲ್ಕು ಪಟ್ಟು ದೊಡ್ಡದಾಗಿ, ಹಣೆಯ ನಡುವೆ ಇಟ್ಟೆ. ಪಕ್ಕಕ್ಕೆ ಸರಿದೆ.

ಅವರು ಕತ್ತು ಓರೆ ಮಾಡಿದರು. ಇನ್ನೊಂದು ಕಡೆಗೆ ಓರೆ ಮಾಡಿದರು. ಕುರ್ಚಿಯಿಂದ ಎದ್ದು ಕೈ ಮುಂದೆ ಚಾಚಿ ಗೋಡೆಯ ಹತ್ತಿರ ಹೋದರು.

"ಕಾಣುತ್ತಿದೆ" ಎಂದರು. "ಕೆಂಪು ಕಾಣುತ್ತಿದೆ! ಅದು ಹಣೆಯಾದರೆ ಇವು ಕಣ್ಣು. ಇದು ಮೂಗು." ಬೆರಳು ಕುಂಕುಮದಿಂದ ಮೆಲ್ಲಗೆ ಕೆಳಗಿಳಿಯುತ್ತ ನನ್ನ ದಪ್ಪ ಗೆರೆಯ ಮೇಲೆ ನಿಂತಿತು. "ಇದು ಬಾಯಿ. ನಗುತ್ತಿದ್ದಾಳೆ! ನೋಡಿ, ನಗುತ್ತಿದ್ದಾಳೆ. ಅಮ್ಮ ಹೇಳಿದ್ದೇ ಸರಿ."

ಆಪಾ ನನ್ನ ಮುಖ ನೋಡಿದಳು. ಪುಸ್ತಕದಲ್ಲಿದ್ದದ್ದು ನೇರ ಗೆರೆ. ಅದರ ಎರಡು ತುದಿ ಮೇಲೆತ್ತಿದವಳು ನಾನು. ಸರಸ್ವತಿ ಎಂದುಕೊಂಡು ಬರೆಯುತ್ತಿದ್ದವಳಿಗೆ, ಸಿಟ್ಟಿನ ಸರಸ್ವತಿಯನ್ನು ಬರೆಯಲು ಕೈ ಬಂದಿರಲಿಲ್ಲ.

"ಹೌದು, ನಗುತ್ತಿದ್ದಾಳೆ" ಎಂದೆ. ಆ ಮನೆಯಲ್ಲಿ ನಾನು ಒಪ್ಪಿಕೊಳ್ಳದೆ ಉಳಿಸಿಕೊಂಡ ತಪ್ಪು ಅದೊಂದೇ.